ಸಾಗರದಿಂದ ಮಠಕ್ಕೆ: ಧರ್ಮಸಹೋದರ ಮರೀನಸ್

ದೈವಕರೆಯು ತಾರುಣ್ಯದಲ್ಲಿಯೇ ಕೇಳಿಬರಬೇಕೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ನಲವತ್ತರ ವಯಸ್ಸಿನಲ್ಲಿ ಹಡಗಿನ ಚುಕ್ಕಾಣಿಯನ್ನು ಬಿಟ್ಟು ಮಠ ಸೇರಿದ ಕಪ್ತಾನರೊಬ್ಬರ ಜೀವನವು ಈ ಭಾವನೆಯನ್ನು ತಿದ್ದುವಂತಿದೆ.

ಲೆನರ್ಡ್ ಲರೂ ಅವರು 1914ರ ಜನವರಿ 14ರಂದು ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಜನಿಸಿದರು. ನೌಕಾಶಾಲೆಯಲ್ಲಿ ಕಲಿತು 1934ರಲ್ಲಿ ಉತ್ತೀರ್ಣರಾದರು. ಎರಡನೆಯ ಮಹಾಯುದ್ಧದಲ್ಲಿ ಅವರು ದುಡಿದದ್ದು ಸರಕು ನೌಕೆಗಳಲ್ಲಿ. ಅವರು ಯುದ್ಧನೌಕಾದಳದವರಲ್ಲ, ಆದರೆ ಸಮುದ್ರದ ಮೇಲೆ ಸಾವು ಆ ಭೇದವನ್ನು ಎಣಿಸುತ್ತಿರಲಿಲ್ಲ.

1950ರ ಡಿಸೆಂಬರಿನಲ್ಲಿ ಕೊರಿಯ ಯುದ್ಧವು ಉಗ್ರರೂಪ ತಾಳಿತ್ತು. ಚೀನೀ ಸೈನ್ಯದ ಒತ್ತಡಕ್ಕೆ ಸಿಕ್ಕಿದ ವಿಶ್ವಸಂಸ್ಥೆಯ ಪಡೆಗಳು ಹುಂಗ್ನಾಮ್ ಬಂದರಿನಿಂದ ಹಿಂದೆಗೆಯುತ್ತಿದ್ದವು. ಲರೂ ಅವರ 'ಮೆರಿಡಿತ್ ವಿಕ್ಟರಿ' ನೌಕೆ ಅಲ್ಲಿಗೆ ಬಂದಾಗ ದಡದ ತುಂಬ ನಿರಾಶ್ರಿತರು. ಸಿಬ್ಬಂದಿಯನ್ನು ಬಿಟ್ಟರೆ ಆ ನೌಕೆಯಲ್ಲಿ ಹನ್ನೆರಡು ಮಂದಿ ಪ್ರಯಾಣಿಕರಿಗೆ ಮಾತ್ರ ಸ್ಥಳವಿತ್ತು. ಜನರನ್ನು ಹತ್ತಿಸಿಕೊಳ್ಳಬೇಕೆಂಬ ಆಜ್ಞೆ ಯಾರದೂ ಇರಲಿಲ್ಲ, ನಿರ್ಧಾರ ಕಪ್ತಾನರದೇ. ಡಿಸೆಂಬರ್ 22ರ ರಾತ್ರಿಯಿಂದ ಮರುದಿನದ ಬೆಳಗಿನವರೆಗೆ ಸುಮಾರು 14,000 ಜನರನ್ನು, ಮುದುಕರು ಹಸುಗೂಸುಗಳೆನ್ನದೆ, ಸರಕು ಇಳಿಸುವ ಹಲಗೆಗಳ ಮೇಲೆ ನಿಲ್ಲಿಸಿ ಹಡಗಿನ ಒಡಲಿಗೆ ಇಳಿಸಿದರು. ಅನ್ನವಿಲ್ಲ, ನೀರಿಲ್ಲ, ವೈದ್ಯನಿಲ್ಲ. ಅಡಿಯಲ್ಲಿ ವಿಮಾನದ ಇಂಧನವಿತ್ತು. ಒಂದು ಕಿಡಿ ಸಾಕಿತ್ತು. ಹೊರಗೆ ಕೊರೆಯುವ ಚಳಿ, ನೀರಿನಡಿ ಸಿಡಿಮದ್ದು.

ಕ್ರಿಸ್ತಜಯಂತಿಯ ಮುನ್ನಾದಿನ ನೌಕೆ ಪುಸಾನ್ ಬಂದರನ್ನು ಮುಟ್ಟಿತು. ಅಲ್ಲಿ ಸ್ಥಳವಿಲ್ಲವೆಂದರು! ಬೆತ್ಲೆಹೇಮಿನ ಛತ್ರವನ್ನು ನೆನೆಯದೆ ಈ ಸಾಲನ್ನು ಬರೆಯಲು ನಮ್ಮಿಂದಾಗದು. ಮುಂದೆ ಸಾಗಿ ಕೋಜೆ ದ್ವೀಪವನ್ನು ತಲುಪಿ, 26ರಂದು ಜನರನ್ನು ಇಳಿಸಿದರು. ಒಬ್ಬರೂ ಸತ್ತಿರಲಿಲ್ಲ, ಬದಲಿಗೆ ಐದು ಶಿಶುಗಳು ದಾರಿಯಲ್ಲಿ ಹುಟ್ಟಿದ್ದವು. 2017ರಿಂದ 2022ರವರೆಗೆ ದಕ್ಷಿಣ ಕೊರಿಯದ ಅಧ್ಯಕ್ಷರಾಗಿದ್ದ ಮೂನ್ ಜೇ-ಇನ್ ಅವರ ತಂದೆತಾಯಿಗಳೂ ಈ ನೌಕೆಯಲ್ಲಿ ಬಂದವರೇ.

1954ರಲ್ಲಿ ಲರೂ ಅವರು ನ್ಯೂಜರ್ಸಿಯ ನ್ಯೂಟನ್ನಿನಲ್ಲಿರುವ ಸಂತ ಪೌಲರ ಬೆನೆಡಿಕ್ಟ್ ಮಠವನ್ನು ಸೇರಿ ಮರೀನಸ್ ಎಂಬ ನಾಮಧೇಯ ಪಡೆದರು. ಗುರುದೀಕ್ಷೆಯನ್ನು ಪಡೆಯದೆ ಧರ್ಮಸಹೋದರರಾಗಿಯೇ ಉಳಿದರು. ಹಡಗನ್ನು ಆಳಿದ ಕೈಗಳು ಪಾತ್ರೆ ತೊಳೆದವು, ಮಠದ ಅಂಗಡಿಯಲ್ಲಿ ಸಾಮಾನು ಮಾರಿದವು. 1960ರಲ್ಲಿ ಅಮೆರಿಕ ಸರ್ಕಾರವು ನೌಕೆಯನ್ನೂ ಅದರ ಕಪ್ತಾನರನ್ನೂ ಸನ್ಮಾನಿಸಿತು. ಆ ಮೂರು ದಿನಗಳ ವಿಷಯವನ್ನು ಅವರು ಆಡಿಕೊಂಡವರಲ್ಲ. ಸಾಹಸಕ್ಕಿಂತ ಈ ನಲವತ್ತೇಳು ವರ್ಷಗಳ ಮೌನವೇ ಕಷ್ಟವೆಂದು ನಮಗೆ ತೋರುತ್ತದೆ.

2001ರ ಅಕ್ಟೋಬರ್ 14ರಂದು ಅವರು ದೈವಾಧೀನರಾದರು. 2019ರಲ್ಲಿ ಪ್ಯಾಟರ್ಸನ್ ಧರ್ಮಕ್ಷೇತ್ರವು ಅವರ ಸಂತ ಪದವಿಯ ವಿಚಾರಣೆಯನ್ನು ಆರಂಭಿಸಿತು. ಅವರ ಮರಣದ ಕಾಲಕ್ಕೆ ಸನ್ಯಾಸಿಗಳ ಸಂಖ್ಯೆ ಕುಗ್ಗಿ ಮಠವು ಮುಚ್ಚುವ ಸ್ಥಿತಿಗೆ ಬಂದಿತ್ತು. ಅದನ್ನು ಉಳಿಸಲು ಕಡಲು ದಾಟಿ ಬಂದವರು ಕೊರಿಯದ ವೇಗ್ವಾನ್ ಮಠದ ಸನ್ಯಾಸಿಗಳು.