ಬೂದಿದಿಬ್ಬದ ಜನಜೀವನ: ರಾಬರ್ಟ್ ಬ್ರೂಸ್ ಫೂಟ್ ಅವರ ಬದುಕು ಮತ್ತು ಅಧ್ಯಯನವಿಧಾನ

ಕನ್ನಡ ಸಂಸ್ಕೃತಿಯ ಚರಿತ್ರೆಯನ್ನು ಕಟ್ಟುವಾಗ ನಾವು ಸಾಮಾನ್ಯವಾಗಿ ಶಾಸನ ಮತ್ತು ಕಾವ್ಯಗಳನ್ನೇ ಮೊದಲ ಆಧಾರವಾಗಿ ಹಿಡಿಯುತ್ತೇವೆ. ಹಲ್ಮಿಡಿಗಿಂತ ಹಿಂದಿನ ಸಹಸ್ರಾರು ವರ್ಷಗಳ ಬದುಕು ಹೀಗಾಗಿ ಪೀಠಿಕೆಯ ಒಂದೆರಡು ವಾಕ್ಯಗಳಲ್ಲಿ ಮುಗಿದುಹೋಗುತ್ತದೆ. ಅಕ್ಷರವನ್ನು ಬಿಟ್ಟುಹೋಗದ ಜನಕ್ಕೆ ಚರಿತ್ರೆಯುಂಟೆ ಎಂಬುದು ಇಲ್ಲಿಯ ಮೂಲ ಪ್ರಶ್ನೆ. ಕಲ್ಲು, ಮಡಕೆ ಚೂರು ಮತ್ತು ಬೂದಿಗಳನ್ನೇ ಸಾಕ್ಷಿಯಾಗಿಸಿಕೊಂಡು ಈ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ (1834–1912) ಮೊದಲಿಗರು.

ಫೂಟ್ ಜನಿಸಿದ್ದು ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯನ್ನು ಸೇರಿ ಮದರಾಸು ಪ್ರಾಂತಕ್ಕೆ ಬಂದರು. 1863ರ ಮೇ 30ರಂದು ಮದರಾಸಿನ ಸಮೀಪದ ಪಲ್ಲಾವರಂನಲ್ಲಿ ಅವರಿಗೆ ಹಳೆ ಶಿಲಾಯುಗದ ಕಲ್ಲಿನ ಆಯುಧವೊಂದು ದೊರೆಯಿತು. ಅದೇ ವರ್ಷ ಸಹೋದ್ಯೋಗಿ ವಿಲಿಯಂ ಕಿಂಗ್ ಅವರೊಡನೆ ಅತ್ತಿರಂಪಾಕ್ಕಂನಲ್ಲಿಯೂ ಇಂಥ ಉಪಕರಣಗಳನ್ನು ಗುರುತಿಸಿದರು. ಯೂರೋಪಿನಲ್ಲಿ ಮಾನವನ ಪ್ರಾಚೀನತೆಯ ಬಗೆಗಿನ ವಾದ ಇನ್ನೂ ಬಿಸಿಯಾಗಿದ್ದ ಕಾಲವದು. ಭಾರತದ ನೆಲದಲ್ಲಿಯೂ ಅಷ್ಟೇ ಪ್ರಾಚೀನ ಮಾನವನು ಬದುಕಿದ್ದನೆಂಬುದಕ್ಕೆ ಈ ಶೋಧಗಳು ಆಧಾರ ಒದಗಿಸಿದವು.

ಕರ್ನಾಟಕದೊಡನೆ ಅವರ ಸಂಬಂಧ ಇಲಾಖೆಯ ಕೆಲಸದಿಂದಲೇ ಬೆಳೆಯಿತು. ದಕ್ಷಿಣ ಮರಾಠಾ ಪ್ರದೇಶದ ಭೂರಚನೆಯನ್ನು ಕುರಿತ ಅವರ ವರದಿ 1876ರಲ್ಲಿ ಪ್ರಕಟವಾಯಿತು. ಬಳ್ಳಾರಿ ಜಿಲ್ಲೆಯ ವರದಿ 1895ರಲ್ಲಿ ಬಂದಿತು. ಧಾರವಾಡ ಶಿಲಾವರ್ಗವನ್ನು ಪ್ರತ್ಯೇಕವಾಗಿ ಗುರುತಿಸಿ ಹೆಸರಿಸಿದವರೂ ಅವರೇ. ಖನಿಜ ಸಂಪತ್ತಿನ ಲೆಕ್ಕ ವಸಾಹತು ಸರಕಾರಕ್ಕೆ ಬೇಕಾಗಿತ್ತು. ಆದರೆ ಬಂಡೆಗಳನ್ನು ನೋಡುತ್ತ ನಡೆದವರ ಕಣ್ಣು ಬಂಡೆಯನ್ನು ಒಡೆದು ಬಾಳಿದವರ ಕಡೆಗೂ ಹೊರಳಿತು. 1891ರಲ್ಲಿ ನಿವೃತ್ತರಾದ ಮೇಲೆ ಬರೋಡ ಮತ್ತು ಮೈಸೂರು ಸಂಸ್ಥಾನಗಳಿಗಾಗಿ ದುಡಿದಾಗಲೂ ಈ ಆಸಕ್ತಿ ಕುಂದಲಿಲ್ಲ.

ಫೂಟ್ ಅವರ ವಿಧಾನವನ್ನು ಅರಿಯಲು ಬಳ್ಳಾರಿ ಸೀಮೆಯ ಬೂದಿದಿಬ್ಬಗಳು ಅತ್ಯುತ್ತಮ ನಿದರ್ಶನ. ಕುಡತಿನಿ, ಬೂದಿಕನಮ ಮೊದಲಾದೆಡೆ ಇರುವ ಈ ದಿಬ್ಬಗಳಲ್ಲಿ ಕರಗಿ ಗಟ್ಟಿಗೊಂಡ ಕಿಟ್ಟದಂಥ ಪದರಗಳೂ ಮೃದುವಾದ ಬೂದಿಯ ಪದರಗಳೂ ಇವೆ. ಜನಪದರು ಇವನ್ನು ಪುರಾಣದೊಡನೆ ಬೆಸೆದಿದ್ದರು. ಹಂಪೆಯ ಬಳಿಯ ನಿಂಬಾಪುರದ ದಿಬ್ಬವು ವಾಲಿಯ ದೇಹ ಸುಟ್ಟ ಸ್ಥಳವೆಂಬ ನಂಬಿಕೆಯಿದೆ. ವಿದ್ವಾಂಸರಲ್ಲಿಯೂ ಒಮ್ಮತವಿರಲಿಲ್ಲ. ವಿಜಯನಗರ ಕಾಲದ ಸಾಮೂಹಿಕ ದಹನಗಳ ಕುರುಹು ಇವೆಂದು ರಾಬರ್ಟ್ ಸೀವೆಲ್ ಊಹಿಸಿದ್ದರು. ಫೂಟ್ ದಿಬ್ಬದೊಳಗಿನ ವಸ್ತುಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ನೋಡಿದರು. ನಯಗೊಳಿಸಿದ ಕಲ್ಲುಕೊಡಲಿ, ಕೈಯಿಂದ ಮಾಡಿದ ಮಡಕೆಯ ಚೂರು ಮತ್ತು ದನದ ಮೂಳೆಗಳು ಅಲ್ಲಿದ್ದುದರಿಂದ ಇವು ನವಶಿಲಾಯುಗಕ್ಕೆ ಸೇರಿದವೆಂದೂ, ಬೂದಿಯ ಸ್ವರೂಪದಿಂದ ಅದು ಸುಟ್ಟ ಸಗಣಿಯೆಂದೂ ನಿರ್ಣಯಿಸಿದರು. ಹೀಗೆ ಚಿತಾಭಸ್ಮವೆಂದು ಭಾವಿಸಿದ್ದ ರಾಶಿ ದನಗಾಹಿಗಳ ದೊಡ್ಡಿಯ ಗುರುತಾಯಿತು. ಸಾವಿನ ಕಥೆಯ ಜಾಗದಲ್ಲಿ ಬದುಕಿನ ಕಥೆ ಕಾಣಿಸಿತು.

ಈ ನಿರ್ಣಯ ಬಹುಕಾಲ ವಿವಾದಾಸ್ಪದವಾಗಿಯೇ ಉಳಿಯಿತು. 1957ರಲ್ಲಿ ರೇಮಂಡ್ ಆಲ್ಚಿನ್ ಇಂದಿನ ತೆಲಂಗಾಣದ ಉಟ್ನೂರಿನಲ್ಲಿ ಉತ್ಖನನ ನಡೆಸಿದಾಗ ದೊಡ್ಡಿಯ ಬೇಲಿಗೆ ನೆಟ್ಟ ಗೂಟಗಳ ಕುಳಿಗಳೂ ದನಗಳ ಗೊರಸಿನ ಗುರುತುಗಳೂ ಬೂದಿಯ ಪದರಗಳ ನಡುವೆ ಕಂಡುಬಂದವು. ಮುಂದೆ 1989ರಿಂದ 1997ರವರೆಗೆ ಕೆ. ಪದ್ದಯ್ಯ ಅವರು ಸುರಪುರ ಸೀಮೆಯ ಬೂದಿಹಾಳದಲ್ಲಿ ದಿಬ್ಬದ ಜೊತೆಗೆ ಅದಕ್ಕೆ ಹೊಂದಿಕೊಂಡ ವಸತಿ, ಮಾಂಸ ಕಡಿಯುತ್ತಿದ್ದ ನೆಲ ಮತ್ತು ಕಲ್ಲಿನ ಉಪಕರಣಗಳ ಕಾರ್ಯಸ್ಥಾನವನ್ನೂ ಬೆಳಕಿಗೆ ತಂದರು. ಫೂಟ್ ಅವರ ತೀರ್ಮಾನದ ತಿರುಳು ಹೀಗೆ ಸಮರ್ಥನೆ ಪಡೆಯಿತು. ಆದರೆ ಸಗಣಿಯನ್ನು ಪದೇ ಪದೇ ಏಕೆ ಸುಟ್ಟರು, ಅದು ರೋಗನಿವಾರಣೆಯೋ ಆಚರಣೆಯೋ ಎಂಬ ಚರ್ಚೆ ಮುಗಿದಿಲ್ಲ. ವಸ್ತುವು ಏನಾಯಿತೆಂಬುದನ್ನು ಹೇಳುತ್ತದೆ. ಏಕಾಯಿತೆಂಬುದನ್ನು ಅಷ್ಟು ಸುಲಭವಾಗಿ ಹೇಳುವುದಿಲ್ಲ.

ಸಣ್ಣ ವಸ್ತುಗಳ ವಿಷಯದಲ್ಲಿಯೂ ಫೂಟ್ ಇದೇ ಎಚ್ಚರ ತೋರಿದರು. ಬಳ್ಳಾರಿ ಬಳಿಯ ಕಪ್ಪಗಲ್ಲು ಬೆಟ್ಟದಲ್ಲಿ ಸಿಕ್ಕ ಅರೆಬರೆ ಕೊಡಲಿಗಳನ್ನೂ ಚಕ್ಕೆಗಳನ್ನೂ ಅವರು ನಿರುಪಯುಕ್ತವೆಂದು ಬಿಸುಡಲಿಲ್ಲ; ಅವುಗಳ ಮೂಲಕ ಅಲ್ಲೊಂದು ಕೊಡಲಿ ತಯಾರಿಕೆಯ ನೆಲೆಯಿತ್ತೆಂಬುದನ್ನು ಮನಗಂಡರು. ಸುಟ್ಟ ಮಣ್ಣಿನ ತಲೆದಿಂಬನ್ನು ಕಂಡಾಗ, ಕೇಶಾಲಂಕಾರ ಕೆಡದಂತೆ ಮಲಗುವ ಜನರನ್ನು ಕುರಿತು ಯೋಚಿಸಿದರು. ಇಂಥ ತಲೆದಿಂಬುಗಳು ಮುಂದೆ ತಿ. ನರಸೀಪುರ ಮತ್ತು ಹಳ್ಳೂರಿನ ಉತ್ಖನನಗಳಲ್ಲಿಯೂ ದೊರೆತವು. ಉಪಕರಣದಿಂದ ಕುಶಲಕರ್ಮಿಗೆ, ಗೃಹೋಪಯೋಗಿ ವಸ್ತುವಿನಿಂದ ಅಭಿರುಚಿಗೆ ಸಾಗುವ ಈ ಕ್ರಮವೇ ಅವರ ಕೊಡುಗೆಯ ಸತ್ತ್ವ.

ಅವರ ಮಿತಿಗಳನ್ನೂ ಗಮನಿಸಬೇಕು. ಅವರ ಸಂಗ್ರಹದ ಬಹುಪಾಲು ನೆಲದ ಮೇಲೆ ಆಯ್ದದ್ದು. ಪದರಗಳ ಆಧಾರದ ಉತ್ಖನನ ಅವರ ಕಾಲದ ರೂಢಿಯಾಗಿರಲಿಲ್ಲ. ಇಂಗಾಲ ಕಾಲನಿರ್ಣಯವಂತೂ 20ನೆಯ ಶತಮಾನದ ನಡುವೆ ಬಂದ ವಿಧಾನ. ದಕ್ಷಿಣದ ನವಶಿಲಾಯುಗ ಸುಮಾರು ಕ್ರಿ.ಪೂ. 3000ದಿಂದ ಆರಂಭವಾಯಿತೆಂಬುದಾಗಲಿ, ಆ ದನಗಾಹಿಗಳು ಹುರುಳಿ, ಹೆಸರು ಮತ್ತು ಕಿರುಧಾನ್ಯಗಳನ್ನು ಬಳಸುತ್ತಿದ್ದರೆಂಬುದಾಗಲಿ ತಿಳಿದದ್ದು ಬಹಳ ಈಚೆಗೆ.

ಸೇಲಂ ಸಮೀಪದ ಏರ್ಕಾಡಿನಲ್ಲಿ ನೆಲೆಸಿದ್ದ ಫೂಟ್ ತಮ್ಮ ಸಂಗ್ರಹವನ್ನು 1904ರಲ್ಲಿ ಮದರಾಸು ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿ, ಅದರ ವಿವರಪಟ್ಟಿಯನ್ನು ಸಿದ್ಧಪಡಿಸುವುದರಲ್ಲಿ ಕೊನೆಯ ವರ್ಷಗಳನ್ನು ಕಳೆದರು. 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ನಿಧನರಾದರು. ಪಟ್ಟಿ 1914ರಲ್ಲಿಯೂ, ಕಾಲ ಮತ್ತು ಹಂಚಿಕೆ ಕುರಿತ ಟಿಪ್ಪಣಿಗಳು 1916ರಲ್ಲಿಯೂ ಮರಣೋತ್ತರವಾಗಿ ಪ್ರಕಟವಾದವು. ಬಳ್ಳಾರಿಯ ಪುರಾತತ್ತ್ವ ವಸ್ತುಸಂಗ್ರಹಾಲಯವೊಂದು ಅವರ ಹೆಸರನ್ನು ಹೊತ್ತಿದೆ.

ಈ ಪಟ್ಟಿಯ ಮೌಲ್ಯ ಇಂದು ಇನ್ನೊಂದು ಕಾರಣಕ್ಕೂ ಹೆಚ್ಚಿದೆ. ಬೂದಿದಿಬ್ಬಗಳ ಮಣ್ಣು ಗೊಬ್ಬರವಾಗಿ ಹೊಲ ಸೇರಿದೆ. ಸಂಗನಕಲ್ಲು, ಕಪ್ಪಗಲ್ಲುಗಳ ಬೆಟ್ಟಗಳಿಗೆ ಕಲ್ಲುಗಣಿಯ ಪೆಟ್ಟು ಬಿದ್ದಿದೆ. ಹಾಳಾದ ಹಸ್ತಪ್ರತಿಗೆ ಮತ್ತೊಂದು ಪ್ರತಿ ಸಿಗಬಹುದು. ಅಗೆದುಹೋದ ದಿಬ್ಬಕ್ಕೆ ಪ್ರತಿಯಿಲ್ಲ. ನೆಲೆ, ದೊರೆತ ಸ್ಥಳ, ಜೊತೆಗಿದ್ದ ವಸ್ತು ಇವುಗಳನ್ನು ತಪ್ಪದೆ ದಾಖಲಿಸಿದ ಫೂಟ್ ಅವರ ಶಿಸ್ತು ಕನ್ನಡ ಅಧ್ಯಯನಕ್ಕೆ ಹೊರಗಿನದಲ್ಲ. ಪಾಠವನ್ನು ಸಂದರ್ಭದಿಂದ ಬೇರ್ಪಡಿಸಿ ಓದಬಾರದೆಂಬ ಗ್ರಂಥಸಂಪಾದನೆಯ ವಿವೇಕವನ್ನೇ ಅವರು ಕಲ್ಲು ಮತ್ತು ಬೂದಿಗೂ ಅನ್ವಯಿಸಿದರು. ಈ ನಾಡಿನ ಮೊದಲ ದನಗಾಹಿಗಳು ನಮ್ಮ ಸಾಂಸ್ಕೃತಿಕ ಚರಿತ್ರೆಯಲ್ಲಿ ಪೀಠಿಕೆಯಿಂದಾಚೆ ಜಾಗ ಪಡೆಯಬೇಕಾದರೆ ಅಂಥ ಓದು ಅನಿವಾರ್ಯ.