ಮನೆ ಮಾರಿ ಪ್ರೆಸ್ ಹಾಕಿದ ವಕೀಲರು

ಜುಲೈ 2ರ ವಚನ ಸಾಹಿತ್ಯ ಸಂರಕ್ಷಣಾ ದಿನಕ್ಕೆ ಐದು ನಿಮಿಷ ಮಾತಾಡು ಅಂತ ಕನ್ನಡ ಸಂಘದವರು ಹೇಳಿದಾಗ ನಾನು ಒಪ್ಪಿಕೊಂಡದ್ದು ಅಟೆಂಡೆನ್ಸ್ ಸಿಗುತ್ತೆ ಅನ್ನೋ ಆಸೆಗೆ. ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಹಳಕಟ್ಟಿ ಅಂದ್ರೆ ವಿಜಯಪುರದ ಒಂದು ಇಂಜಿನಿಯರಿಂಗ್ ಕಾಲೇಜಿನ ಹೆಸರು ಅಂತಷ್ಟೇ ಗೊತ್ತಿತ್ತು. ಆ ಹೆಸರಿನ ಮುಂದಿರುವ ವಿ.ಪಿ. ಅಂದ್ರೆ ವಚನ ಪಿತಾಮಹ ಅಂತೆ. ನಾನು ವೈಸ್ ಪ್ರೆಸಿಡೆಂಟ್ ಅಂದ್ಕೊಂಡಿದ್ದೆ!

ಆಗ ತಲೆಯಲ್ಲಿ ಬೇರೆಯದೇ ಓಡ್ತಿತ್ತು. ನಾವು ಮೂರು ಜನ ಗೆಳೆಯರು ಸೇರಿ ಟ್ಯೂಷನ್ ಕ್ಲಾಸ್‌ಗಳಿಗಾಗಿ ಒಂದು ಸಾಫ್ಟ್‌ವೇರ್ ಮಾಡಿದ್ದೇವೆ: ಹಾಜರಿ, ಫೀ, ಪಾಲಕರಿಗೆ ಮೆಸೇಜ್, ತಿಂಗಳಿಗೆ 299 ರೂಪಾಯಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಲ್ಲ ತಿರುಗಿ 11 ಕ್ಲಾಸ್‌ಗಳನ್ನು ಸೇರಿಸಿದ್ವಿ. ಫ್ರೀ ತಿಂಗಳು ಮುಗಿದ ಮೇಲೆ ದುಡ್ಡು ಕೊಟ್ಟವರು ಮೂರೇ. ಇಂಥ ಆ್ಯಪ್‌ಗಳು ಪ್ಲೇಸ್ಟೋರ್ ತುಂಬ ಇವೆ, ಕೆಲವು ಪುಕ್ಕಟೆ ಬೇರೆ. ಬಂದ್ ಮಾಡೋಣ ಅಂತ ಒಬ್ಬ, ಇನ್ನೊಂದು ಸೆಮಿಸ್ಟರ್ ನೋಡೋಣ ಅಂತ ಇನ್ನೊಬ್ಬ. ಆ ಜಗಳದ ನಡುವೆ ಹಳಕಟ್ಟಿಯವರ ಬಗ್ಗೆ ಓದಲು ಕೂತೆ. ಅವರೂ ಸಬ್‌ಸ್ಕ್ರಿಪ್ಷನ್ ವ್ಯವಹಾರದವರೇ ಅಂತ ಆಗ ಗೊತ್ತಾಯ್ತು. ಅವರ ಕಾಲಕ್ಕೆ ಅದರ ಹೆಸರು ಚಂದಾ.

ಫಕೀರಪ್ಪ ಗುರುಬಸಪ್ಪ ಹಳಕಟ್ಟಿ ಹುಟ್ಟಿದ್ದು 1880ರ ಜುಲೈ 2, ಧಾರವಾಡದಲ್ಲಿ. ತಂದೆ ಶಿಕ್ಷಕರು, ಲೇಖಕರೂ ಹೌದು. ಮುಂಬೈಗೆ ಹೋಗಿ ಕಾಲೇಜು ಮುಗಿಸಿ, ಕಾನೂನು ಓದಿ, 1904ರ ಹೊತ್ತಿಗೆ ವಿಜಯಪುರಕ್ಕೆ, ಅಂದ್ರೆ ಆಗಿನ ಬಿಜಾಪುರಕ್ಕೆ, ವಕೀಲಿ ಮಾಡಲು ಬಂದ್ರು. ವಕೀಲಿ ಚೆನ್ನಾಗೇ ನಡೀತು. ಸರ್ಕಾರಿ ವಕೀಲರಾದರು, ಮುಂಬೈ ವಿಧಾನ ಪರಿಷತ್ತಿಗೂ ಹೋದರು. 1910ರಲ್ಲಿ ಬಿ.ಎಲ್.ಡಿ.ಇ. ಶಿಕ್ಷಣ ಸಂಸ್ಥೆ, 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕು ಶುರುವಾದದ್ದು ಅವರ ಮುಂದಾಳತ್ವದಲ್ಲೇ. ಎರಡೂ ಇವತ್ತಿಗೂ ಇವೆ. ಇಷ್ಟಕ್ಕೇ ನಿಲ್ಲಿಸಿದ್ರೂ ಊರಿನ ದೊಡ್ಡ ಮನುಷ್ಯರಾಗಿ ಆರಾಮಾಗಿ ಇರಬಹುದಿತ್ತು.

ಆದ್ರೆ ಅವರಿಗೆ ತಾಡೋಲೆ ಹುಚ್ಚು ಹಿಡಿದಿತ್ತು. ಬಸವಣ್ಣನವರು ಹುಟ್ಟಿದ್ದು ನಮ್ಮ ಬಾಗೇವಾಡಿಯಲ್ಲೇ. ಅವರ, ಅವರ ಜೊತೆಗಿದ್ದ ಶರಣರ ವಚನಗಳು ತಾಡೋಲೆ ಕಟ್ಟುಗಳಲ್ಲಿ ಮಠಗಳಲ್ಲಿ, ಮನೆಗಳ ಜಗಲಿ ಮೇಲೆ ಕೂತಿದ್ದವು. ಜನ ಅವಕ್ಕೆ ವಿಭೂತಿ ಹಚ್ಚಿ ಪೂಜೆ ಮಾಡ್ತಿದ್ರು, ಬಿಚ್ಚಿ ಓದುವವರು ಕಡಿಮೆ. ಹುಳ ತಿಂದು ಹೋಗ್ತಿದ್ದವು. ಹಳಕಟ್ಟಿಯವರು ಊರೂರು ತಿರುಗಿ ಆ ಕಟ್ಟುಗಳನ್ನು ಕೇಳಿ ಪಡೆದು, ಓದಿ, ಒಂದರ ಜೊತೆ ಒಂದು ತಾಳೆ ನೋಡಿ, ಕಾಗದಕ್ಕೆ ಇಳಿಸಿದ್ರು. ಅವರು ಈ ಕೆಲಸಕ್ಕೆ ಇಳಿದಾಗ ಹೆಸರು ಗೊತ್ತಿದ್ದ ವಚನಕಾರರು ಸುಮಾರು 50. ಅವರ ಕೆಲಸದಿಂದ ಆ ಪಟ್ಟಿ 250ರ ಹತ್ತಿರ ಬಂತು. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ, ಬೇರೆ ಯಾರ ಹತ್ರನೂ ಇಲ್ಲದ ಡೇಟಾ.

ಅದನ್ನು ಅಚ್ಚು ಹಾಕಿಸೋದೇ ಕಷ್ಟವಾಯ್ತು. ಪುಸ್ತಕ ಮಾಡೋಣ ಅಂತ ಮಂಗಳೂರಿನ ಪ್ರೆಸ್ಸಿಗೆ ಕಳಿಸಿದ್ರೆ ಅದು ಅಚ್ಚಾಗದೆ ವಾಪಸ್ ಬಂತು ಅಂತ ಹೇಳ್ತಾರೆ. ಕೊನೆಗೆ 1923ರಲ್ಲಿ ಬೆಳಗಾವಿಯಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಅಚ್ಚಾಯ್ತು. ಆದ್ರೆ ಮನೆಯಲ್ಲಿ ಇನ್ನೂ ರಾಶಿ ರಾಶಿ ಇತ್ತು. ಪ್ರತಿ ಸಲ ಇನ್ನೊಬ್ಬರ ಊರಿನ ಮಷಿನ್ ನಂಬಿಕೊಂಡು ಕೂತ್ರೆ ಅದೆಲ್ಲ ಯಾವಾಗ ಹೊರಗೆ ಬರಬೇಕು?

1925ರಲ್ಲಿ ಅವರು ತಮ್ಮ ಮನೆ ಮಾರಿದ್ರು. ಆ ದುಡ್ಡಿನಲ್ಲಿ ವಿಜಯಪುರದಲ್ಲೇ ಹಿತಚಿಂತಕ ಅನ್ನೋ ಪ್ರೆಸ್ ಹಾಕಿ, ತಾವು ಬಾಡಿಗೆ ಮನೆಗೆ ಹೋದ್ರು. ಇದನ್ನು ಓದಿ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತೆ. ನಾವು ಮೂರು ಜನ ಸರ್ವರ್ ಬಾಡಿಗೆ ಯಾರು ಕಟ್ಟಬೇಕು ಅಂತ ಎರಡು ದಿನ ಮಾತು ಬಿಟ್ಟವರು.

1926ರಲ್ಲಿ ಶಿವಾನುಭವ ಪತ್ರಿಕೆ ಶುರುವಾಯ್ತು. ಮೊದಲು ಮೂರು ತಿಂಗಳಿಗೊಮ್ಮೆ, ಆಮೇಲೆ ತಿಂಗಳಿಗೊಮ್ಮೆ. ಅದೇ ವರ್ಷ ಬಳ್ಳಾರಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಮರುವರ್ಷ ನವಕರ್ನಾಟಕ ವಾರಪತ್ರಿಕೆ. ಮಾರ್ಕೆಟ್ ಖಾಲಿ ಇತ್ತು ಅಂದ್ಕೋಬೇಡಿ. ನಮ್ಮ ಜಿಲ್ಲೆ ಆಗ ಮುಂಬೈ ಪ್ರಾಂತ್ಯದಲ್ಲಿತ್ತು, ಓದು ಬಲ್ಲವರು ಮರಾಠಿ ಕೇಸರಿ ಓದ್ತಿದ್ರು. ಧಾರವಾಡದಲ್ಲಿ ವಿದ್ಯಾವರ್ಧಕ ಸಂಘದ ವಾಗ್ಭೂಷಣ, ಆಲೂರ ವೆಂಕಟರಾಯರ ಜಯಕರ್ನಾಟಕ. ಬೆಂಗಳೂರಿನಿಂದ ಪ್ರಬುದ್ಧ ಕರ್ನಾಟಕ. ವರ್ಷಕ್ಕೆ ಒಂದು ಚಂದಾ ಕಟ್ಟೋ ತಾಕತ್ತು ಇದ್ದ ಕನ್ನಡ ಓದುಗರೇ ಕಡಿಮೆ, ಅವರ ಮುಂದೆ ಇಷ್ಟು ಪತ್ರಿಕೆಗಳು. ಇದರ ಮಧ್ಯೆ ಹಳಕಟ್ಟಿಯವರು ಎಲ್ಲರಿಗೂ ಬೇಕಾದ ಪತ್ರಿಕೆ ಮಾಡಲಿಲ್ಲ. ಶರಣರು, ವಚನ, ಹರಿಹರನ ರಗಳೆ ಇಂಥದ್ದನ್ನು ಮಾತ್ರ ಶಿವಾನುಭವಕ್ಕೆ ಇಟ್ಕೊಂಡ್ರು. ಕೇಸರಿ ಓದುವವನಿಗೂ ಅದು ಬೇರೆ ಎಲ್ಲೂ ಸಿಗುತ್ತಿರಲಿಲ್ಲ.

ಹಾಗಂತ ದುಡ್ಡು ಬಂತಾ? ಇಲ್ಲ. ಆಗಿನ ಪತ್ರಿಕೆಗಳ ಪಾಡು ಇವತ್ತಿನ ಆಟೋ-ಪೇ ಫೇಲ್ ಆದ ಹಾಗೇ. ಚಂದಾ ಮುಗಿದ ಮೇಲೆ ವಿ.ಪಿ. ಅಂಚೆಯಲ್ಲಿ ಕಳಿಸಬೇಕು (ಈ ವಿ.ಪಿ. ಬೇರೆ, ದುಡ್ಡು ಕೊಟ್ಟು ಬಿಡಿಸಿಕೊಳ್ಳೋ ಅಂಚೆ), ಮನೆಯವರು ಬೇಡ ಅಂದ್ರೆ ಅದು ವಾಪಸ್, ಅಂಚೆ ಖರ್ಚು ಮೈಮೇಲೆ. ಸಿಂದಗಿ, ಮುದ್ದೇಬಿಹಾಳಕ್ಕೆ ಇವತ್ತಿಗೂ ರೈಲಿಲ್ಲ, ಆಗಿನ ಕಥೆ ನೀವೇ ಯೋಚಿಸಿ. ಒಂದೊಂದು ಅಕ್ಷರದ ಮೊಳೆ ಕೈಯಿಂದ ಜೋಡಿಸಬೇಕು, ಒತ್ತಕ್ಷರಕ್ಕೆ ಬೇರೆ ಮೊಳೆ. ಬರೆಯೋದು, ತಿದ್ದೋದು, ಪ್ರೂಫ್ ನೋಡೋದು ಬಹುಪಾಲು ಅವರೇ. ವಕೀಲಿ ಹಿಂದೆ ಬಿತ್ತು, ಸಾಲ ಮುಂದೆ ಬಂತು. ಹಳೇ ಕೋಟು, ಒಂದು ಸೈಕಲ್ಲು, ಹೀಗೆ ಅವರನ್ನು ಊರವರು ನೆನಪಿಸಿಕೊಳ್ತಾರೆ. ಬಿ.ಎಂ. ಶ್ರೀಕಂಠಯ್ಯನವರು ವಿಜಯಪುರಕ್ಕೆ ಬಂದಾಗ ಗೋಳಗುಮ್ಮಟ ತೋರಿಸಲು ಹೊರಟವರಿಗೆ, ಮೊದಲು ಹಳಕಟ್ಟಿಯವರನ್ನು ನೋಡಬೇಕು ಅಂತ ಹೇಳಿದ್ರಂತೆ. ಈ ಕಥೆ ನಮ್ಮ ಕಡೆ ಎಲ್ಲರೂ ಹೇಳ್ತಾರೆ.

ಲೆಕ್ಕ ಹಾಕಿದ್ರೆ ಅವರದು ಫೇಲಾದ ಬಿಸಿನೆಸ್ಸೇ. ನಮ್ಮ ಟೀಮಿನಲ್ಲಿ ಒಬ್ಬ ಹಾಗೇ ವಾದ ಮಾಡಿದ: ಫೌಂಡರ್ ಮನೆ ಕಳ್ಕೊಂಡ, ಲಾಭ ಇಲ್ಲ, ಇದರಲ್ಲಿ ಕಲಿಯೋದೇನಿದೆ ಅಂತ. ಅವನ ಮಾತು ಸುಳ್ಳಲ್ಲ. ಮನೆ ಮಾರೋದು ನನಗೂ ಒಳ್ಳೆ ಸಲಹೆ ಅನಿಸಲ್ಲ, ಆ ಮನೆಯಲ್ಲಿದ್ದವರಿಗೆ ಹೇಗನಿಸ್ತೋ ಏನೋ. ಆದ್ರೆ ಶಿವಾನುಭವ ನಡೆದದ್ದು ಸುಮಾರು 35 ವರ್ಷ. ಅಷ್ಟು ವರ್ಷ ಯಾರೋ ಚಂದಾ ಕಟ್ತಾನೇ ಇದ್ರು ಅಲ್ವಾ? ಅವರು ಯಾರು, ಯಾಕೆ ಬಿಡಲಿಲ್ಲ ಅನ್ನೋದೇ ನನಗೆ ದೊಡ್ಡ ಪ್ರಶ್ನೆ. ನಾವು ಬಿಟ್ಟು ಹೋದ ಎಂಟು ಜನರಿಗೆ ನೂರು ಸಲ ಫೋನ್ ಮಾಡಿದ್ದೇವೆ, ಉಳಿದ ಮೂವರನ್ನು ಒಮ್ಮೆಯೂ ಕೇಳಿಲ್ಲ.

1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಹಳಕಟ್ಟಿಯವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಪತ್ರಿಕೆ 1961ರವರೆಗೂ ಬಂತು. 1964ರ ಜೂನ್ 29ರಂದು ಅವರು ತೀರಿಕೊಂಡ್ರು, ಇನ್ನು ಮೂರು ದಿನ ಕಳೆದಿದ್ರೆ 84 ತುಂಬ್ತಿತ್ತು.

ಕಾರ್ಯಕ್ರಮದಲ್ಲಿ ನಾನು ಐದರ ಬದಲು ಹನ್ನೆರಡು ನಿಮಿಷ ಮಾತಾಡಿದೆ, ಮೈಕ್ ಕಸಿದುಕೊಳ್ಳೋದೊಂದು ಬಾಕಿ. ಈ ಭಾನುವಾರ ಇಂಡಿ ಬಸ್ಸು ಹತ್ತೋದು ಅಂತ ಮೂವರೂ ಒಪ್ಪಿದ್ದೇವೆ. ದುಡ್ಡು ಕೊಟ್ಟ ಮೂರು ಕ್ಲಾಸ್‌ಗಳಲ್ಲಿ ಒಂದು ಅಲ್ಲೇ ಇದೆ.