ಬೀದರ್‌ಗೆ ಕುದುರೆ ಮಾರಲಿಕ್ಕೆ ಬಂದ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್

ಬೀದರ್: ಇವತ್ತು ಗಾಂಧಿ ಗಂಜ್‌ನಲ್ಲಿ ತೊಗರಿ, ಕಡಲೆ, ಸೋಯಾ ರೇಟಿನದೇ ಮಾತು. ಐದೂವರೆ ಶತಮಾನದ ಹಿಂದೆ ಇದೇ ಬೀದರ್‌ಗೆ ವ್ಯಾಪಾರಿಗಳು ಕುದುರೆ ಹಿಡ್ಕೊಂಡು ಬರ್ತಿದ್ದರು. ಆ ಕುದುರೆ ಬಜಾರು ಈಗಿಲ್ಲ. ಅದು ಹೆಂಗಿತ್ತು ಅಂತ ನಮಗೆ ತಿಳಿದಿರೋದಕ್ಕೆ ದೊಡ್ಡ ಕಾರಣ, ಒಂದೇ ಒಂದು ಕುದುರೆ ಮಾರಲಿಕ್ಕೆ ಇಲ್ಲಿಗೆ ಬಂದ ಸಣ್ಣ ವ್ಯಾಪಾರಿ ಅಫನಾಸಿ ನಿಕಿತಿನ್.

ನಿಕಿತಿನ್ ರಷ್ಯಾದ ತ್ವೇರ್ ಊರಿನವನು. 1460ರ ದಶಕದ ಕೊನೆಗೆ ವೋಲ್ಗಾ ನದಿ ಮೇಲೆ ಸರಕು ತಗೊಂಡು ಹೊರಟ. ಅಸ್ತ್ರಖಾನ್ ಹತ್ರ ದರೋಡೆಕೋರರು ಎಲ್ಲಾ ದೋಚಿದರು. ಜೊತೆಗಿದ್ದವರಲ್ಲಿ ಊರಲ್ಲಿ ಆಸ್ತಿ ಇದ್ದವರು ವಾಪಸ್ ಹೋದರು. ಸಾಲ ಇದ್ದವರು ಕಾಲು ಎಳೆದ ಕಡೆ ಹೋದರು. ನಿಕಿತಿನ್ ಬಾಕು, ಪರ್ಷಿಯಾ ದಾಟಿ ಹೋರ್ಮುಜ್ ಬಂದರಿಗೆ ಬಂದ.

ಅಲ್ಲಿಂದ ಒಂದು ಗಂಡು ಕುದುರೆ ಜೊತೆ ಹಡಗು ಹತ್ತಿದ. ಲೆಕ್ಕ ಸರಳ ಇತ್ತು. ದಖ್ಖನ್ನಿನಲ್ಲಿ ಒಳ್ಳೆ ಕುದುರೆ ಹುಟ್ಟೋದಿಲ್ಲ, ಆದರೆ ಬಹಮನಿ ಸುಲ್ತಾನರ ಸೈನ್ಯಕ್ಕೆ ಕುದುರೆ ಬೇಕೇ ಬೇಕು. ಸಮುದ್ರದಾಚೆಯ ಕುದುರೆಗೆ ಇಲ್ಲಿ ಒಳ್ಳೆ ರೇಟು. ಕೊಂಕಣದ ಚೌಲ್‌ನಲ್ಲಿ ಇಳಿದು ಜುನ್ನರ್ ಮುಟ್ಟೋ ಹೊತ್ತಿಗೆ ಆ ಕುದುರೆ ಮೇಲೆ ಅವನ ಖರ್ಚು 100 ರೂಬಲ್ ಆಗಿತ್ತು.

ಕುದುರೆ ಕೈ ತಪ್ಪಿತು

ಜುನ್ನರ್‌ನ ಅಧಿಕಾರಿ ಅಸದ್ ಖಾನ್, ಇವನು ಕ್ರೈಸ್ತ ಅಂತ ಗೊತ್ತಾದ ಮೇಲೆ ಕುದುರೆ ಕಸ್ಕೊಂಡ. ಧರ್ಮ ಬದಲಿಸಿದ್ರೆ ಕುದುರೆ ವಾಪಸ್, ಮೇಲೆ 1,000 ಚಿನ್ನದ ನಾಣ್ಯ ಕೊಡ್ತೀನಿ ಅಂದ. ಇಲ್ಲದಿದ್ರೆ ಕುದುರೆ ಹೋಯ್ತು, ಮೇಲೆ ದಂಡ. ನಾಲ್ಕು ದಿನದ ಗಡುವು. ನಿಕಿತಿನ್ ಒಪ್ಪಲಿಲ್ಲ. ಅಷ್ಟರಲ್ಲಿ ಖುರಾಸಾನಿನ ಖ್ವಾಜಾ ಮುಹಮ್ಮದ್ ಅಲ್ಲಿಗೆ ಬಂದ. ನಿಕಿತಿನ್ ಅವನ ಕಾಲು ಹಿಡಿದ. ಆ ಮುಸ್ಲಿಂ ಹಿರಿಯ ಅಸದ್ ಖಾನ್ ಜೊತೆ ಮಾತಾಡಿ ಕುದುರೆ ಬಿಡಿಸಿ ಕೊಟ್ಟ.

ಬೀದರ್‌ನಲ್ಲಿ ಕಂಡದ್ದು

ಜುನ್ನರ್‌ನಿಂದ ಬೀದರ್‌ಗೆ ಒಂದು ತಿಂಗಳ ದಾರಿ. ಮುಂದೆ ಕಲಬುರಗಿಗೂ ಹೋಗಿ ಬಂದು, ಕ್ರಿಸ್‌ಮಸ್ ಹೊತ್ತಿಗೆ ಬೀದರ್‌ನಲ್ಲಿ ಕುದುರೆ ಮಾರಿದ. ಒಂದು ವರ್ಷ ಸಾಕಿದ್ದಕ್ಕೆ 68 ನಾಣ್ಯ ಖರ್ಚಾಗಿತ್ತು, ಅದನ್ನೂ ಬರೆದಿಟ್ಟ. ಇಲ್ಲಿ ಕುದುರೆಗೆ ಕಡಲೆ ಹಾಕ್ತಾರೆ, ಸಕ್ಕರೆ-ತುಪ್ಪ ಹಾಕಿದ ಖಿಚಡಿ ತಿನ್ನಿಸ್ತಾರೆ ಅಂತಾನೂ ಬರೆದ. ಸುಲ್ತಾನನ ಅರಮನೆಗೆ ಏಳು ಬಾಗಿಲು, ಒಳಗೆ ಹೋಗೋರ ಹೆಸರು ಬರೆದುಕೊಳ್ಳಲಿಕ್ಕೆ ಗುಮಾಸ್ತರು ಇದ್ದದ್ದೂ ಅವನ ಲೆಕ್ಕದಲ್ಲಿದೆ.

ಬೀದರ್‌ನಿಂದ 12 ಹರದಾರಿ ದೂರ ಶೇಖ್ ಅಲಾವುದ್ದೀನ್ ಹೆಸರಿನಲ್ಲಿ ವರ್ಷಕ್ಕೊಮ್ಮೆ ಹತ್ತು ದಿನದ ಜಾತ್ರೆ, ಅಲ್ಲಿಗೆ 20,000ದವರೆಗೂ ಕುದುರೆ ಬರ್ತಾವು ಅಂತ ಬರೆದಿದ್ದಾನೆ. ಅದು ನಮ್ಮ ಪಕ್ಕದ ಆಳಂದ ಅನ್ನೋದು ಇತಿಹಾಸಕಾರರ ಮಾತು.

ಆಗ ಇಲ್ಲಿ ಅಧಿಕಾರ ನಡೆಸುತ್ತಿದ್ದವನು ಮಹಮೂದ್ ಗವಾನ್. ಅವನೂ 1453ರಲ್ಲಿ ವ್ಯಾಪಾರಿಯಾಗಿಯೇ ಬೀದರ್‌ಗೆ ಬಂದವನು. ವ್ಯಾಪಾರಿಗಳ ಒಡೆಯ ಅನ್ನೋ ಅರ್ಥದ ಬಿರುದು ಅವನಿಗಿತ್ತು. ಅವನು ಕಟ್ಟಿಸಿದ ಮದರಸಾ 1472ರದು.

ಇಲ್ಲಿನ ಹಿಂದೂಗಳ ಜೊತೆ ನಿಕಿತಿನ್ ಸ್ನೇಹ ಬೆಳೆಸಿದ. ತನ್ನ ಧರ್ಮ ಯಾವುದು ಅಂತ ಮುಚ್ಚಿಡದೆ ಹೇಳಿದ. ಅವರೂ ಊಟ, ಪೂಜೆ, ವ್ಯಾಪಾರ, ಯಾವುದನ್ನೂ ಅವನಿಂದ ಮುಚ್ಚಿಡಲಿಲ್ಲ. ಶಿವರಾತ್ರಿ ಹೊತ್ತಿಗೆ ಅವರ ಜೊತೆ ಶ್ರೀಶೈಲಕ್ಕೂ ಹೋದ.

ಆದರೆ ವ್ಯಾಪಾರ ಕೈ ಹಿಡೀಲಿಲ್ಲ. ಮೆಣಸು, ಬಣ್ಣ ಅಗ್ಗ ಇದ್ವು. ಸುಂಕ ಜಾಸ್ತಿ, ಸಮುದ್ರದಲ್ಲಿ ಕಳ್ಳರು ಬೇರೆ. ತನ್ನ ದೇಶಕ್ಕೆ ಒಯ್ಯುವಂಥ ಸರಕು ಇಲ್ಲಿ ಸಿಗಲಿಲ್ಲ ಅಂತ ಬೇಜಾರಾದ. ವಾಪಸ್ ಹೋಗುವಾಗ ಕಪ್ಪು ಸಮುದ್ರದ ದಂಡೆಯ ಟ್ರೆಬಿಜಾಂಡ್‌ನಲ್ಲಿ ಅವನ ಸಾಮಾನು ಜಾಲಾಡಿ, ಇದ್ದದ್ದನ್ನೂ ಕಸ್ಕೊಂಡರು. ತ್ವೇರ್ ಮುಟ್ಟಲೇ ಇಲ್ಲ. ಸ್ಮೋಲೆನ್ಸ್ಕ್ ಹತ್ರ ದಾರಿಯಲ್ಲೇ ತೀರಿಕೊಂಡ.

ಅವನ ಕೈಬರಹ ಮಾತ್ರ 1475ರಲ್ಲಿ ಮಾಸ್ಕೋ ಸೇರಿತು. ವಾಸ್ಕೋ ಡ ಗಾಮಾ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ, ಅಂದ್ರೆ ಇದಾಗಿ ಇಪ್ಪತ್ತಕ್ಕೂ ಹೆಚ್ಚು ವರ್ಷದ ನಂತರ. 1957ರಲ್ಲಿ ನಿಕಿತಿನ್ ಕಥೆ ‘ಪರದೇಸಿ’ ಅನ್ನೋ ಸಿನಿಮಾ ಆಯ್ತು, ನರ್ಗಿಸ್ ಅದರಲ್ಲಿದ್ದರು. ತ್ವೇರ್‌ನಲ್ಲಿ ವೋಲ್ಗಾ ದಂಡೆ ಮೇಲೆ ಅವನ ಪ್ರತಿಮೆ ಇದೆ.

ಸುಲ್ತಾನರ ಸಾವಿರಾರು ಕುದುರೆಗಳಲ್ಲಿ ಒಂದರ ಕಥೆಯೂ ಹಿಂಗ ಉಳಿದಿಲ್ಲ. ಇವನ ಒಂದೇ ಕುದುರೆಯದು ಉಳೀತು, ಖರ್ಚಿನ ಲೆಕ್ಕ ಬರೆದಿಟ್ಟಿದ್ದಕ್ಕೆ. ಅಂಗಡಿ ಮಂದಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.